99.8 ಶೇಕಡಾ ಸರಿ, ಆದರೆ ಒಂದು ವಂಚನೆಯೂ ಸಿಕ್ಕಿಲ್ಲ

ಕಾರ್ಡ್ ವಂಚನೆ ಹಿಡಿಯುವ ಮಾಡೆಲ್ (ಹಳೆಯ ವಹಿವಾಟುಗಳಿಂದ ಕಲಿಯುವ ಪ್ರೋಗ್ರಾಮ್) ಮಾಡಿದ್ದೇವೆ, 99.8 ಶೇಕಡಾ ಸರಿ ಬರುತ್ತಿದೆ ಎಂದು ಹೊಸದಾಗಿ ಸೇರಿದವರು ಖುಷಿಯಿಂದ ತೋರಿಸುತ್ತಾರೆ. ವಂಚನೆ ಎಷ್ಟು ಸಿಕ್ಕಿತು, ಎಷ್ಟು ಜನರ ಕಾರ್ಡನ್ನು ಸುಮ್ನೆ ತಡೆದಿರಿ ಎಂದು ನಾನು ಕೇಳುತ್ತೇನೆ.

ಅವರು ಕಲಿತಿರುವುದು ಹೆಚ್ಚಾಗಿ ಬ್ರಸೆಲ್ಸ್‌ನ ಯುಎಲ್‌ಬಿ ವಿಶ್ವವಿದ್ಯಾಲಯದ ತಂಡ ಹೊರತಂದ ಡೇಟಾಸೆಟ್‌ನಲ್ಲಿ. 2013ರ ಸೆಪ್ಟೆಂಬರ್‌ನ ಎರಡು ದಿನಗಳಲ್ಲಿ ಯುರೋಪಿನ ಕಾರ್ಡುದಾರರು ಮಾಡಿದ 2,84,807 ವಹಿವಾಟು ಅದರಲ್ಲಿವೆ. ವಂಚನೆ ಬರೀ 492. ಏನೂ ಕಲಿಯದೆ ಎಲ್ಲವನ್ನೂ 'ಸರಿ' ಎನ್ನುವ ಪ್ರೋಗ್ರಾಮಿಗೂ ಇಲ್ಲಿ 99.8 ಬರುತ್ತದೆ!

ಈಗ ಒಂದು ಒಳ್ಳೆಯ ಮಾಡೆಲ್ ಇದೆ ಅಂದುಕೊಳ್ಳಿ. ನೂರು ವಂಚನೆಯಲ್ಲಿ 90 ಹಿಡಿಯುತ್ತದೆ, ನೂರು ಒಳ್ಳೆಯ ವಹಿವಾಟಿನಲ್ಲಿ ಒಂದನ್ನು ಮಾತ್ರ ತಪ್ಪಾಗಿ ಅನುಮಾನಿಸುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ಇದೇ ಡೇಟಾದಲ್ಲಿ ಸುಮಾರು 440 ವಂಚನೆಯ ಜೊತೆ 2,800ಕ್ಕೂ ಜಾಸ್ತಿ ಸುಳ್ಳು ಅಲರ್ಟ್ ಬರುತ್ತವೆ. ಅಷ್ಟಕ್ಕೂ ಯಾರೋ ಕೂತು ಫೋನ್ ಮಾಡಬೇಕು. ಆಸ್ಪತ್ರೆಯ ಬಿಲ್ ಕಟ್ಟುವಾಗ ಕಾರ್ಡ್ ನಿಂತುಹೋದವರೂ ಅದರಲ್ಲಿರಬಹುದು. ಆದ್ದರಿಂದ ನಾನು ಮೊದಲು ನೋಡುವುದು ಪ್ರಿಸಿಷನ್ (ಬಂದ ಅಲರ್ಟ್‌ಗಳಲ್ಲಿ ನಿಜವಾದ ವಂಚನೆ ಎಷ್ಟು) ಮತ್ತು ರೀಕಾಲ್ (ಇದ್ದ ವಂಚನೆಯಲ್ಲಿ ಸಿಕ್ಕಿದ್ದು ಎಷ್ಟು). ಅನುಮಾನ ಎಷ್ಟಿದ್ದರೆ ಅಲರ್ಟ್ ಕೊಡಬೇಕು ಎಂಬ ಗೆರೆಯನ್ನು, ತಂಡ ದಿನಕ್ಕೆ ಎಷ್ಟು ಅಲರ್ಟ್ ನೋಡಬಲ್ಲದು ಎಂಬುದರ ಮೇಲೆ ಎಳೆಯುತ್ತೇನೆ.

ಡೇಟಾದಲ್ಲಿ ವಂಚನೆಯ ಸಾಲುಗಳು ಕಮ್ಮಿ ಎಂದು ಸ್ಮೋಟ್ ಎಂಬ ವಿಧಾನ ಬಳಸಿ ಕೃತಕ ಸಾಲು ಸೇರಿಸುವುದುಂಟು. ಸೇರಿಸಿ, ಆದರೆ ಮಾಡೆಲನ್ನು ಪರೀಕ್ಷಿಸುವ ಟೆಸ್ಟ್ ಡೇಟಾ ಬೇರೆ ಇಟ್ಟ ಮೇಲೆ, ತರಬೇತಿಯ ಭಾಗಕ್ಕೆ ಮಾತ್ರ. ಡೇಟಾವನ್ನು ತರಬೇತಿಗೆ, ಟೆಸ್ಟಿಗೆ ಎಂದು ಒಡೆಯುವಾಗ ದಿನಾಂಕ ನೋಡಿ. ಹಳೆಯದರಿಂದ ಕಲಿತು ಹೊಸದನ್ನು ಊಹಿಸಬೇಕು, ಏಕೆಂದರೆ ವಂಚಕರು ದಾರಿ ಬದಲಿಸುತ್ತಲೇ ಇರುತ್ತಾರೆ.

ನಿಜವಾದ ಸುಳಿವು ಇರುವುದು ಆ ಕಾರ್ಡಿನ ಹಿಂದಿನ ನಡವಳಿಕೆಯಲ್ಲಿ. ಕಾರ್ಡ್ ನಡೆಯುತ್ತದೆಯೇ ಎಂದು ನೋಡಲು ಕಳ್ಳರು ಮೊದಲು ಪುಟ್ಟ ಮೊತ್ತ ಎಳೆಯುವುದುಂಟು, ಆಮೇಲೆ ದೊಡ್ಡದು. ಒಂದೊಂದೇ ವಹಿವಾಟು ನೋಡಿದರೆ ಇದು ಕಾಣುವುದಿಲ್ಲ.

ವಂಚನೆ ಎಂಬ ಗುರುತು ಮಾಡೆಲ್‌ಗೆ ಸಿಗುವುದು ಬಹುಪಾಲು ಗ್ರಾಹಕರ ದೂರಿನಿಂದಲೇ. ಬ್ಯಾಂಕಿನದೂ ನಿಮ್ಮದೂ ತಪ್ಪಿಲ್ಲದ ವಂಚನೆಯನ್ನು ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳಲ್ಲಿ ತಿಳಿಸಿದರೆ ನಷ್ಟ ನಿಮ್ಮದಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಹೇಳಿತು. ಬೇಗ ದೂರು ಕೊಟ್ಟರೆ ನಿಮ್ಮ ಹಣ ಉಳಿಯುವ ಸಾಧ್ಯತೆ ಜಾಸ್ತಿ. ಅದೇ ದಾರಿಯಲ್ಲಿ ಮುಂದಿನ ಕಾರ್ಡಿಗೆ ಕೈ ಹಾಕುವವರನ್ನು ಗುರುತಿಸಲು ಮಾಡೆಲ್ ಕೂಡ ಅಷ್ಟು ಬೇಗ ಕಲಿಯುತ್ತದೆ.