ಮೋಟಾರ್ ನ್ಯೂರಾನ್ ಕಾಯಿಲೆ: ಸೆಳೆತ ಬೇರೆ, ಬಿಗಿತ ಬೇರೆ

ಮೋಟಾರ್ ನ್ಯೂರಾನ್ ಕಾಯಿಲೆ (ಸ್ನಾಯುಗಳನ್ನು ನಡೆಸುವ ನರಕೋಶಗಳು ಕ್ರಮೇಣ ಹಾಳಾಗುವ ಕಾಯಿಲೆ) ಇರುವವರು "ಕಾಲು ಹಿಡ್ಕೊಳ್ಳುತ್ತೆ" ಅಂದರೆ, ಮಾತ್ರೆಯ ಹೆಸರು ಯೋಚಿಸುವ ಮೊದಲು ಹೇಗೆ ಹಿಡಿಯುತ್ತೆ ಅಂತ ಕೇಳಿ. ಮೀನಖಂಡ ಇದ್ದಕ್ಕಿದ್ದಂತೆ ಗಂಟು ಕಟ್ಟಿ, ತಡೆಯಲಾರದ ನೋವು ಕೊಟ್ಟು, ಸ್ವಲ್ಪ ಹೊತ್ತಿಗೆ ಸಡಿಲವಾದರೆ ಅದು ಸೆಳೆತ. ಕೆಳ ಮೋಟಾರ್ ನರಕೋಶಗಳು (ಬೆನ್ನುಹುರಿಯಿಂದ ಸ್ನಾಯುವಿಗೆ ಹೋಗುವವು) ಹಾಳಾಗುವಾಗ ನರದ ಎಳೆಗಳು ಸುಮ್ನೆ ತಾವಾಗಿಯೇ ಸಂಕೇತ ಕಳಿಸುತ್ತವೆ, ಅದರಿಂದ ಬರುತ್ತದೆ. ಕಾಲು ಸದಾ ಬಿಗಿದೇ ಇದ್ದು, ಹೆಜ್ಜೆ ಎತ್ತಲು ಹೋದರೆ ಇನ್ನೂ ಸೆಟೆಯುತ್ತಿದ್ದರೆ ಅದು ಬಿಗಿತ, ಅಂದರೆ ಸ್ಪಾಸ್ಟಿಸಿಟಿ. ಮೇಲಿನ ನರಕೋಶಗಳ (ಮೆದುಳಿನಿಂದ ಬೆನ್ನುಹುರಿಗೆ ಬರುವವು) ಹಿಡಿತ ತಪ್ಪಿ ಬೆನ್ನುಹುರಿಯ ರಿಫ್ಲೆಕ್ಸ್‌ಗಳು, ಅಂದರೆ ತಾವಾಗಿಯೇ ಆಗುವ ಪ್ರತಿಕ್ರಿಯೆಗಳು, ಜಾಸ್ತಿಯಾಗಿರುತ್ತವೆ. ಒಬ್ಬರಲ್ಲೇ ಎರಡೂ ಇರಬಹುದು.

ಬಿಗಿತವನ್ನು ಕೈಯಿಂದ ಮುಟ್ಟಿಯೇ ಪರೀಕ್ಷಿಸಬಹುದು. ಮಲಗಿದವರ ಪಾದವನ್ನು ನಿಧಾನವಾಗಿ ಮೇಲಕ್ಕೆ ಬಗ್ಗಿಸಿ, ಬರುತ್ತದೆ. ಅದನ್ನೇ ಬೇಗ ಬಗ್ಗಿಸಿ, ತಟ್ಟನೆ ತಡೆಯುತ್ತದೆ. ಕೆಲವರಲ್ಲಿ ಪಾದ ಪಟಪಟ ಕುಣಿಯುತ್ತದೆ, ಅದು ಕ್ಲೋನಸ್. ವೇಗ ಹೆಚ್ಚಿದಷ್ಟೂ ತಡೆ ಹೆಚ್ಚುವುದೇ ಸ್ಪಾಸ್ಟಿಸಿಟಿಯ ಗುರುತು.

ಸೆಳೆತ ಬಂದಾಗ ಮಂಡಿ ನೇರ ಇಟ್ಟು ಪಾದವನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿದರೆ ಸ್ನಾಯು ಬಿಡುತ್ತದೆ. ಮನೆಯವರಿಗೆ ಇದನ್ನು ಕಲಿಸಲೇಬೇಕು. ಔಷಧದಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಮೊದಲು ಕ್ವಿನೈನ್, ಆಮೇಲೆ ಸ್ನಾಯು ಸಡಿಲಿಸುವ ಬ್ಯಾಕ್ಲೋಫೆನ್ ಹೇಳುತ್ತದೆ. ಆದರೆ ಕ್ವಿನೈನ್ ಹೃದಯದ ಲಯ ಕೆಡಿಸಬಹುದು, ಪ್ಲೇಟ್ಲೆಟ್ ಇಳಿಸಬಹುದು. ಕಾಲು ಸೆಳೆತಕ್ಕೆ ಅದನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. ಮೆಕ್ಸಿಲೆಟಿನ್ ಸೆಳೆತ ಕಡಿಮೆ ಮಾಡುತ್ತದೆ ಎಂದು ಸಣ್ಣ ಪ್ರಯೋಗಗಳು ತೋರಿಸಿವೆ. ಅದು ಹೃದಯದ ಔಷಧ, ಹಾಗಾಗಿ ಮೊದಲು ಇಸಿಜಿ.

ಬಿಗಿತದ ವಿಷಯಕ್ಕೆ ಬಂದರೆ ನನ್ನ ಮಟ್ಟಿಗೆ ಇದೇ ಮುಖ್ಯ: ಬಿಗಿತವನ್ನು ಪೂರ್ತಿ ತೆಗೆಯಲು ಹೋಗಬಾರದು. ಶಿರಸಿ ಕಡೆಯ ಒಬ್ಬ ಅಡಿಕೆ ಬೆಳೆಗಾರರನ್ನು ನೆನೆಸಿಕೊಳ್ಳಿ. ತೊಡೆಯಲ್ಲಿ ಶಕ್ತಿ ಇಲ್ಲ, ಬಿಗಿತದ ಬಲದಲ್ಲೇ ಜಗುಲಿಯ ಮೆಟ್ಟಿಲು ಹತ್ತುತ್ತಿದ್ದಾರೆ. ಬ್ಯಾಕ್ಲೋಫೆನ್ ಡೋಸ್ ಏರಿಸಿದ ಮೇಲೆ ಅವರು, "ಬಿಗಿ ಕಮ್ಮಿ ಆತು ತಂಗಿ, ಆದ್ರೆ ನಿಂತ್ಗಂಬಲೆ ಆಗ್ತಿಲ್ಲೆ" ಅನ್ನುತ್ತಾರೆ. ಇಲ್ಲಿ ಔಷಧ ಸೋತಿಲ್ಲ, ಅಳತೆ ಮೀರಿದೆ ಅಷ್ಟೆ. ಅದಕ್ಕೇ 5 ಮಿಲಿಗ್ರಾಂ ದಿನಕ್ಕೆ 3 ಸಲ ಎಂದು ಶುರು ಮಾಡಿ, ನಿಧಾನ ಏರಿಸಿ, ಪ್ರತಿ ಸಲವೂ ಎದ್ದು ನಡೆಸಿ ನೋಡುತ್ತಾರೆ. ಉಸಿರಾಟ ದುರ್ಬಲವಾಗಿದ್ದರೆ ಮಂಪರಿನ ಬಗ್ಗೆ ಇನ್ನೂ ಎಚ್ಚರ ಬೇಕು.

ಬಿಗಿತಕ್ಕೆ ಬೇರೆ ಔಷಧಗಳೂ ಇವೆ. ಟಿಜಾನಿಡಿನ್ ಬಿಪಿ ಇಳಿಸುತ್ತದೆ, ಲಿವರ್ ಪರೀಕ್ಷೆ ಬೇಕು. ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಜೊತೆ ಕೊಡಲೇಬಾರದು. ಡ್ಯಾಂಟ್ರೊಲಿನ್ ಸ್ನಾಯುವನ್ನೇ ಸುಸ್ತು ಮಾಡುತ್ತದೆ, ಲಿವರ್‌ಗೂ ಅಪಾಯ. ಗಾಬಾಪೆಂಟಿನ್ ಕೂಡ ನೈಸ್ ಪಟ್ಟಿಯಲ್ಲಿದೆ.

ಬಿಗಿತ ಇದ್ದಕ್ಕಿದ್ದಂತೆ ಹೆಚ್ಚಿದರೆ ಡೋಸ್ ಏರಿಸುವ ಮೊದಲು ಮಲಬದ್ಧತೆ, ಮೂತ್ರದ ಸೋಂಕು, ಒತ್ತಡದ ಹುಣ್ಣು, ಒಳಗೆ ಬೆಳೆದ ಉಗುರು ಹುಡುಕಿ. ಕಾರಣ ಅಲ್ಲೇ ಇರಬಹುದು, ಅಲ್ವಾ?

ಬ್ಯಾಕ್ಲೋಫೆನ್ ತಟ್ಟನೆ ನಿಲ್ಲಿಸಿದರೆ ಫಿಟ್ಸ್, ಭ್ರಮೆ ಬರಬಹುದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ಬರೀ ಪುಸ್ತಕದ ಮಾತಲ್ಲ, ದಾರಿ ಕಟ್ಟಾದರೆ ಮಾತ್ರೆ ಸಿಗದೇ ಹೋಗಬಹುದು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಗಿತ್ತು. ಮಳೆಗಾಲಕ್ಕೆ ಮುಂಚೆ ಡಾಕ್ಟರ ಬಳಿ ಕೇಳಿ, ಹೆಚ್ಚಿನ ಮಾತ್ರೆ ಬರೆಸಿ ಮನೆಯಲ್ಲಿ ಇಟ್ಟುಕೊಳ್ಳಲು ಹೇಳಿ.