ಸಂಜ್ಞಾ ಭಾಷೆಯ ವಾಕ್ಯ: ಯಾರು ಯಾರಿಗೆ ಕೊಟ್ಟರು?

ಕೊಪ್ಪಳದ ಕಿವುಡ ಮಕ್ಕಳ ಶಾಲೆಯೊಂದರಲ್ಲಿ ಇಂಟರ್ನ್‌ಶಿಪ್ ನಡೆಯುತ್ತಿರುವಾಗಲೇ, ಭಾರತೀಯ ಸಂಜ್ಞಾ ಭಾಷೆಯಲ್ಲಿ ವಾಕ್ಯ ಕಟ್ಟುವುದರ ಬಗ್ಗೆ ಬರೆದಿಟ್ಟ ಟಿಪ್ಪಣಿ ಇದು. ಅಕ್ಷರ, ಅಂಕಿ, ಬಣ್ಣ, ವಾರದ ದಿನಗಳನ್ನು ಬಿಟ್ಟಿದ್ದೇನೆ. ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರಲ್ಲಿ ಹೊರತಂದ ನಿಘಂಟಿನಲ್ಲಿ 10,000 ಪದಗಳಿವೆ. ಅವನ್ನು ವಿಡಿಯೊ ನೋಡಿಯೇ ಕಲಿಯಬಹುದು. ಕಷ್ಟವಿರುವುದು ವಾಕ್ಯದಲ್ಲಿ.

ಪದಕ್ರಮ

ಕನ್ನಡದವರಿಗೆ ಇಲ್ಲಿ ಅರ್ಧ ದಾರಿ ಸಲೀಸು. ಕಾಲ ಮೊದಲು, ಕ್ರಿಯೆ ಕೊನೆಗೆ, ಅದರ ನಂತರ ‘ಇಲ್ಲ’. ಪ್ರಶ್ನೆಯ ಪದ ಮಾತ್ರ ತುದಿಗೆ ಹೋಗುತ್ತದೆ: ನೀನು – ಓದು – ಎಲ್ಲಿ. ಹೌದು ಅಥವಾ ಇಲ್ಲ ಎಂಬ ಉತ್ತರದ ಪ್ರಶ್ನೆಯಾದರೆ ಕೈಯಲ್ಲಿ ಬದಲಾವಣೆಯೇ ಇಲ್ಲ. ಹುಬ್ಬು ಮೇಲೇರುತ್ತದೆ, ತಲೆ ತುಸು ಮುಂದೆ ಬಾಗುತ್ತದೆ. ‘ಊಟ ಆಯಿತು’, ‘ಊಟ ಆಯಿತೇ’ ಇವೆರಡರ ವ್ಯತ್ಯಾಸ ಮುಖದಲ್ಲಿದೆ. ಆದ್ದರಿಂದ ಕಣ್ಣು ಎದುರಿನವರ ಮುಖದ ಮೇಲಿರಲಿ, ಕೈಗಳು ಅಂಚಿನಲ್ಲಿ ಕಾಣುತ್ತವೆ.

‘-ಗೆ’ ಪ್ರತ್ಯಯದ ಕೆಲಸ

‘ಅಮ್ಮ ತಂಗಿಗೆ ಪುಸ್ತಕ ಕೊಟ್ಟಳು.’ ಕನ್ನಡದಲ್ಲಿ ಪಡೆದವರು ಯಾರೆಂದು ‘-ಗೆ’ ತಿಳಿಸುತ್ತದೆ. ಸಂಜ್ಞೆಯಲ್ಲಿ ಆ ಕೆಲಸ ಕೈ ಚಲಿಸುವ ದಿಕ್ಕಿನದು. ಮೊದಲು ‘ಅಮ್ಮ’ ಎಂದು ಸಂಜ್ಞೆ ಮಾಡಿ ಗಾಳಿಯಲ್ಲಿ ಒಂದು ಜಾಗ ತೋರಿಸಬೇಕು. ‘ತಂಗಿ’ ಎಂದು ಮತ್ತೊಂದು ಜಾಗ. ಬಳಿಕ ‘ಕೊಡು’ ಸಂಜ್ಞೆ ಅಮ್ಮನ ಜಾಗದಿಂದ ತಂಗಿಯ ಜಾಗಕ್ಕೆ ಸಾಗಬೇಕು. ದಿಕ್ಕು ತಿರುಗಿದರೆ ಕೊಟ್ಟವಳು ತಂಗಿ. ‘ತಿನ್ನು’, ‘ಕುಡಿ’ ಮುಂತಾದವು ಹೀಗೆ ಚಲಿಸುವುದಿಲ್ಲ.

ತೊಡಕು ಉತ್ತರ ಕೊಡುವಾಗ ಬರುತ್ತದೆ. ಹೇಳುವವರು ನನ್ನೆದುರು ಕುಳಿತಿದ್ದಾರೆ, ಅಮ್ಮನನ್ನು ತಮ್ಮ ಬಲಕ್ಕೆ ಇಟ್ಟಿದ್ದಾರೆ. ಅದು ನನ್ನ ಎಡ. ನಾನು ಅಮ್ಮನ ಬಗ್ಗೆ ಕೇಳಬೇಕಾದರೆ ಎಡಕ್ಕೇ ಬೆರಳು ತೋರಿಸಬೇಕು, ಏಕೆಂದರೆ ಆ ಜಾಗ ಈಗ ಇಬ್ಬರಿಗೂ ಸೇರಿದ್ದು. ಎಡ, ಬಲ ಎಂದು ಯೋಚಿಸಿದರೆ ತಲೆ ಗಿರ್ರೆನ್ನುತ್ತದೆ. ನಾನು ಕಂಡುಕೊಂಡ ಉಪಾಯ: ಕೋಣೆಯಲ್ಲಿರುವ ವಸ್ತುವಿಗೆ ಕಟ್ಟಿಹಾಕುವುದು. ಅಮ್ಮ ಕಿಟಕಿಯ ಕಡೆ, ತಂಗಿ ಬಾಗಿಲ ಕಡೆ. ಯಾರು ಎಲ್ಲಿ ಕುಳಿತರೂ ಕಿಟಕಿ ಕಿಟಕಿಯೇ.

ದಾರಿ ವಿವರಿಸುವಾಗ ಈ ಉಪಾಯ ನಡೆಯದು. ಗವಿಮಠಕ್ಕೆ ಹೋಗುವ ದಾರಿಯಲ್ಲಿ ‘ಅಂಗಡಿ ಬಲಕ್ಕೆ’ ಎಂದು ಎದುರಿನವರು ತೋರಿಸಿದರೆ ಅದು ನಡೆಯುವವರ ಬಲ. ಕಾಣುವುದು ನನ್ನ ಎಡಕ್ಕೆ. ನಾನು ನಡೆದಾಗ ಅಂಗಡಿ ನನ್ನ ಬಲಕ್ಕೇ ಸಿಗುತ್ತದೆ. ಚಿತ್ರವನ್ನು ಮನಸ್ಸಿನಲ್ಲಿ ಪೂರ್ತಿ ತಿರುಗಿಸಬೇಕು. ಇದು ಅಭ್ಯಾಸದಿಂದ ಮಾತ್ರ ಬರುತ್ತದೆ. ಹೇಳುವವರ ಪಕ್ಕಕ್ಕೆ ಹೋಗಿ, ಅವರು ನೋಡುವ ಕಡೆಗೇ ಮುಖಮಾಡಿ ನಿಂತು ನೋಡಿ, ಬೇಗ ಹಿಡಿತಕ್ಕೆ ಬರುತ್ತದೆ.

ನಡವಳಿಕೆ

ಕರೆಯಬೇಕಾದರೆ ಭುಜ ಮೃದುವಾಗಿ ತಟ್ಟಬೇಕು, ಕೈ ಬೀಸಬೇಕು, ಇಲ್ಲವೇ ದೀಪವನ್ನು ಒಮ್ಮೆ ಆರಿಸಿ ಹಚ್ಚಬೇಕು. ಮಾತಿನ ನಡುವೆ ಕಣ್ಣು ತಿರುಗಿಸುವುದೆಂದರೆ ಕೇಳುವುದನ್ನೇ ನಿಲ್ಲಿಸಿದಂತೆ. ದುಭಾಷಿ ಇದ್ದಾಗಲೂ ನೋಡಬೇಕಾದದ್ದು ಕಿವುಡ ವ್ಯಕ್ತಿಯನ್ನು. ಸಂಜ್ಞಾ ಹೆಸರನ್ನು, ಅಂದರೆ ಒಬ್ಬರನ್ನು ಗುರುತಿಸುವ ಸಂಜ್ಞೆಯನ್ನು, ನಾವೇ ಇಟ್ಟುಕೊಳ್ಳುವಂತಿಲ್ಲ, ಸಮುದಾಯದವರು ಕೊಡುತ್ತಾರೆ.

ಕಿವುಡರ ಶಿಕ್ಷಣದ ಬಗ್ಗೆ 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ಸಮ್ಮೇಳನ ಬಾಯಿಮಾತಿನ ಬೋಧನೆಯೇ ಮೇಲೆಂದು ತೀರ್ಮಾನಿಸಿದ ನಂತರ ಎಷ್ಟೋ ದೇಶಗಳ ತರಗತಿಗಳಿಂದ ಸಂಜ್ಞೆ ಹೊರಬಿತ್ತು. ಸಂಜ್ಞೆಗೂ ಕೈಯ ಆಕಾರ, ಸ್ಥಾನ, ಚಲನೆಗಳ ವ್ಯವಸ್ಥೆಯಿದೆ ಎಂದು ಭಾಷಾವಿಜ್ಞಾನಿ ವಿಲಿಯಂ ಸ್ಟೋಕೊ 1960ರಲ್ಲಿ ಅಮೆರಿಕದ ಸಂಜ್ಞಾ ಭಾಷೆಯನ್ನು ಮುಂದಿಟ್ಟು ತೋರಿಸಿದರು. ನಡುವಿನ 80 ವರ್ಷಗಳಲ್ಲಿ ಕೈ ಕಟ್ಟಿಸಿಕೊಂಡು ಕುಳಿತ ಮಕ್ಕಳನ್ನು ನೆನೆದರೆ ಸಿಟ್ಟು ಬರುತ್ತದೆ. ಕಿವುಡ ಶಿಕ್ಷಕರು ಪ್ರತಿ ಶಾಲೆಯಲ್ಲೂ ಇರಲೇಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಅಭ್ಯಾಸಕ್ಕೆ: ‘ತಂಗಿ ಅಮ್ಮನಿಗೆ ಹೇಳಿದಳು, ಅಮ್ಮ ನನಗೆ ಹೇಳಿದಳು, ನಾನು ಅಣ್ಣನಿಗೆ ಹೇಳಿಲ್ಲ.’ ಮೂರು ಜಾಗ ಗುರುತಿಸಿಕೊಳ್ಳಿ, ‘ನಾನು’ ಎಂಬುದಕ್ಕೆ ನಿಮ್ಮ ಎದೆಯೇ ಜಾಗ. ಬಳಿಕ ಎದುರಿನವರು ಅದೇ ಜಾಗಗಳನ್ನು ಬಳಸಿ ನಿಮ್ಮನ್ನು ಪ್ರಶ್ನೆ ಕೇಳಲಿ.