400 ಅಡಿ ಇಳಿಜಾರಿನ ಕೆಲಸ: ಶಿವನಸಮುದ್ರದ ವಿದ್ಯುತ್ ಕೇಂದ್ರ

ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿ ನೋಡಲು ಬಂದವರು ಪಕ್ಕದ ಬ್ಲಫ್ ಎಂಬ ಜಾಗದಲ್ಲಿ ಬೆಟ್ಟದ ಮೈಗಂಟಿ ಇಳಿಯುವ ಉಕ್ಕಿನ ಕೊಳವೆಗಳನ್ನೂ ಒಮ್ಮೆ ನೋಡಬೇಕು. ಜಲಪಾತದಲ್ಲಿ ನೀರಿನ ಶಕ್ತಿಯೆಲ್ಲ ಭೋರ್ಗರೆತ, ತುಂತುರುಗಳಲ್ಲಿ ಕರಗಿಹೋಗುತ್ತದೆ. ಕೊಳವೆಯೊಳಗೆ ಅದು ಒತ್ತಡವಾಗಿ ತಳದವರೆಗೂ ಉಳಿಯುತ್ತದೆ.

1902ರ ಜೂನ್ 30ರಂದು ಇಲ್ಲಿಂದ ಹೊರಟ ವಿದ್ಯುತ್ತು ಮೊದಲು ತಲುಪಿದ್ದು ಬೆಂಗಳೂರನ್ನಲ್ಲ, ಕೋಲಾರದ ಚಿನ್ನದ ಗಣಿಗಳನ್ನು. ಯೋಜನೆಯ ಬೆನ್ನಿಗೆ ನಿಂತಿದ್ದ ದಿವಾನ್ ಕೆ. ಶೇಷಾದ್ರಿ ಅಯ್ಯರ್ 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಕೇಂದ್ರಕ್ಕೆ ಈಗ ಅವರ ಹೆಸರೇ ಇದೆ. ಎಂಜಿನಿಯರಿಂಗ್ ಹೊಣೆ ಹೊತ್ತವರು ಜೋಲಿ ಡಿ ಲಾಟ್ಬಿನಿಯೆ. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರ ಆಗಸ್ಟ್ 5ರಂದು.

ಗಣಿ ಇದ್ದದ್ದು ಸುಮಾರು 147 ಕಿ.ಮೀ. ದೂರ. 2,200 ವೋಲ್ಟ್‌ನಲ್ಲಿ ಹುಟ್ಟಿದ ವಿದ್ಯುತ್ತನ್ನು 35,000 ವೋಲ್ಟ್‌ಗೆ ಏರಿಸಿ ಕಳಿಸಿದರು. ವೋಲ್ಟೇಜು 16 ಪಟ್ಟು ಏರಿದರೆ ಅಷ್ಟೇ ಶಕ್ತಿಗೆ ಬೇಕಾದ ಕರೆಂಟು 16ರಲ್ಲಿ ಒಂದು ಪಾಲಾಗುತ್ತದೆ. ಅದೇ ತಂತಿಯಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿ ಸುಮಾರು 250ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಈ ಲೆಕ್ಕವಿಲ್ಲದಿದ್ದರೆ ಗಣಿಗೆ ತಂತಿ ಎಳೆಯುವ ಮಾತೇ ಏಳುತ್ತಿರಲಿಲ್ಲ.

ಜಲಪಾತದ ಮೇಲ್ಗಡೆ ನದಿಯಿಂದ ಕಾಲುವೆ ತೆಗೆದು, ನೀರನ್ನು ಕಣಿವೆಯ ಅಂಚಿನ ತೊಟ್ಟಿಗೆ ತರುತ್ತಾರೆ. ಅಲ್ಲಿ ಅದರ ವೇಗ ತಗ್ಗಬೇಕು; ತಗ್ಗದಿದ್ದರೆ ಮರಳು ತಳ ಸೇರದೆ ಕೊಳವೆಗೆ ಇಳಿದು, ಟರ್ಬೈನಿನ ಎಲೆಗಳನ್ನು ಉಜ್ಜಿ ತಿನ್ನುತ್ತದೆ. ಕೊಳವೆಯ ಬಾಯಿಗೆ ಕಬ್ಬಿಣದ ಸರಳುಗಳ ಜಾಲರಿ. ಮೊದಲ ಮಳೆಯ ಪ್ರವಾಹದಲ್ಲಿ ತರಗೆಲೆ, ಕೊಂಬೆ, ಬೇರುಗಳು ಬಂದು ಜಾಲರಿಗೆ ಅಂಟಿಕೊಂಡಾಗ ಒಳಗಡೆ ನೀರಿನ ಮಟ್ಟ ಇಳಿದು ಉತ್ಪಾದನೆ ಕುಸಿಯುತ್ತದೆ. ಕಸವನ್ನು ಬಾಚುತ್ತಲೇ ಇರಬೇಕು.

ಇಲ್ಲಿಂದ ತಳಕ್ಕೆ, ನೇರ ಎತ್ತರದ ಲೆಕ್ಕದಲ್ಲಿ, ಸುಮಾರು 400 ಅಡಿ, ಅಂದರೆ 120 ಮೀಟರ್, ಇಳಿಜಾರು. ಸೆಕೆಂಡಿಗೆ ಒಂದು ಘನ ಮೀಟರ್ ನೀರು ಇಷ್ಟು ಕೆಳಗಿಳಿದರೆ, ಶೇ. 80ರಷ್ಟು ದಕ್ಷತೆಯಲ್ಲಿ ಸುಮಾರು 940 ಕಿಲೋವ್ಯಾಟ್ ಸಿಗುತ್ತದೆ. ಆದರೆ ತಳದಲ್ಲಿ ಕೊಳವೆಯ ಒಂದೊಂದು ಚದರ ಸೆಂಟಿಮೀಟರಿನ ಮೇಲೂ 12 ಕಿಲೋ ಒತ್ತಡ ಬೀಳುತ್ತದೆ. ಕೊಳವೆಯ ಗೋಡೆ ಕೆಳಗೆ ಹೋದಂತೆ ದಪ್ಪವಾಗಬೇಕಾದದ್ದು ಅದಕ್ಕೇ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ ಕೂಡ: 20 ಡಿಗ್ರಿ ಏರಿದರೆ 100 ಮೀಟರ್ ಕೊಳವೆ 24 ಮಿ.ಮೀ. ಉದ್ದವಾಗುತ್ತದೆ. ಹಾಗಾಗಿ ತಿರುವುಗಳಲ್ಲಿ ಕಾಂಕ್ರೀಟ್ ದಿಮ್ಮಿಯಿಂದ ಬಿಗಿದು, ನಡುವೆ ಜಾರುವ ಕೀಲು ಕೊಡುವುದು ರೂಢಿ.

ಇಂಥ ಕೊಳವೆಗೆ ಅಪಾಯ ಬರುವುದು ಎರಡು ಕಡೆಯಿಂದ. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹರಿಯುವ ನೀರನ್ನು ತಳದಲ್ಲಿ ಒಮ್ಮೆಲೇ ತಡೆದರೆ, ಒತ್ತಡ ಇನ್ನೂ 300 ಮೀಟರ್ ನೀರಿನ ಭಾರದಷ್ಟು ಜಿಗಿಯಬಹುದು; ಕೊಳವೆ ಸೀಳುತ್ತದೆ. ಲೋಡು, ಅಂದರೆ ವಿದ್ಯುತ್ತಿನ ಬೇಡಿಕೆ, ತಟ್ಟನೆ ತಪ್ಪಿದಾಗ ಗವರ್ನರ್, ಅಂದರೆ ಯಂತ್ರದ ವೇಗ ಕಾಯುವ ಸಾಧನ, ಎದುರಿಸುವ ಇಕ್ಕಟ್ಟು ಇದೇ: ನೀರಿನ ದಾರಿಯನ್ನು ಬೇಗ ಮುಚ್ಚದಿದ್ದರೆ ಯಂತ್ರದ ಓಟ ಹದ್ದುಮೀರುತ್ತದೆ, ಬೇಗ ಮುಚ್ಚಿದರೆ ಕೊಳವೆ ಒಡೆಯುತ್ತದೆ. ನೀರಿನ ಧಾರೆ ಬಡಿದು ತಿರುಗುವ ಪೆಲ್ಟನ್ ಚಕ್ರವಾದರೆ ಮೊದಲು ನೀರಿನ ಧಾರೆಯನ್ನು ಪಕ್ಕಕ್ಕೆ ತಿರುಗಿಸಿ, ಆಮೇಲೆ ನಿಧಾನವಾಗಿ ಬಾಯಿ ಮುಚ್ಚುತ್ತಾರೆ. ಇನ್ನೊಂದು ಅಪಾಯ ಇದರ ತದ್ವಿರುದ್ಧ. ಮೇಲಿನ ಗೇಟು ಮುಚ್ಚಿ ನೀರು ಇಳಿಯುವಾಗ ಗಾಳಿ ಒಳಗೆ ಬರದಿದ್ದರೆ ನಿರ್ವಾತವುಂಟಾಗಿ ಕೊಳವೆ ಹಿಚುಕಿದ ಡಬ್ಬಿಯಂತೆ ಚಪ್ಪಟೆಯಾಗುತ್ತದೆ. ಗೇಟಿನ ಹಿಂದೆ ನಿಂತಿರುವ ಸಣ್ಣ ಗಾಳಿಕೊಳವೆ ಅದನ್ನು ಕಾಯುತ್ತದೆ. ಮತ್ತೆ ತುಂಬುವಾಗಲೂ ಅಷ್ಟೇ: ಗೇಟನ್ನು ಪೂರ್ತಿ ಎತ್ತದೆ, ಚಿಕ್ಕ ವಾಲ್ವಿನಿಂದ ಮೆಲ್ಲಗೆ ನೀರು ಬಿಟ್ಟು, ಗಾಳಿ ಹೊರಹೋಗಲು ಸಮಯ ಕೊಡಬೇಕು.

ಆರಂಭದಲ್ಲಿ ಇಲ್ಲಿನ ವಿದ್ಯುತ್ತು 25 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 25 ಆವರ್ತನೆಯದು. ನಿಮಿಷಕ್ಕೆ 300 ಸುತ್ತು ತಿರುಗುವ ಜನರೇಟರಿಗೆ 50 ಹರ್ಟ್ಸ್‌ಗೆ 20 ಕಾಂತಧ್ರುವ ಬೇಕಾದರೆ, 25ಕ್ಕೆ 10 ಸಾಕು. ದೊಡ್ಡ ಮೋಟರುಗಳಿಗೆ ಅದು ಒಗ್ಗುತ್ತಿತ್ತು, ಆದರೆ ದೀಪ ಮಿಣುಕುವುದು ಕಣ್ಣಿಗೆ ಬೀಳುವಷ್ಟು ನಿಧಾನ.

ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಯಂತ್ರಗಳೂ ಸೊರಗುತ್ತಿದ್ದವು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದಾಗ ನೀರಾವರಿಯ ಜೊತೆಗೆ ಈ ಕೇಂದ್ರಕ್ಕೆ ವರ್ಷಪೂರ್ತಿ ನೀರು ಒದಗಿಸುವುದೂ ಗುರಿಯಾಗಿತ್ತು. ಈಗ ಇಲ್ಲಿ 3 ಮೆಗಾವ್ಯಾಟಿನ 6, 6 ಮೆಗಾವ್ಯಾಟಿನ 4 ಘಟಕಗಳಿವೆ. ಒಟ್ಟು 42 ಮೆಗಾವ್ಯಾಟ್.